ಅರವತ್ನಾಲ್ಕು ಮನೆ

ಬುಧವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಹಿರೇಬಾವಿ ಮಂಟಪದ ನೆಲಚಪ್ಪಡಿಯ ಮೇಲೆ ಅರವತ್ನಾಲ್ಕು ಮನೆಗಳಿದ್ದವು. ಹದಿನೈದು ದಿನದ ಹಿಂದೆ ಅಲ್ಲಿದ್ದದ್ದು ಇಪ್ಪತ್ತೈದು.

ಸುಮನಾ ಎರಡು ಸಲ ಎಣಿಸಿದಳು. ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು. ಮೂವತ್ತೊಂದು ವರ್ಷ ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತಳಾದವಳು ಅವಳು. ಒಂದೇ ಸಲ ಎಣಿಸಿ ನಂಬುವ ಅಭ್ಯಾಸ ಅವಳಿಗಿರಲಿಲ್ಲ. ಚೀಲದಿಂದ ಮೊಬೈಲ್ ತೆಗೆದು ಹಿಂದಿನ ಸಲ ತಾನೇ ತೆಗೆದಿದ್ದ ಫೋಟೋ ನೋಡಿದಳು. ಅದೇ ಚಪ್ಪಡಿ, ಅದೇ ಮುರಿದ ಮೂಲೆ. ಫೋಟೋದಲ್ಲಿದ್ದದ್ದು ಚೌಕಾಬಾರದ ಹಾಸು. ಐದೈದಲ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುವೆ ಒಂದೊಂದು, ನಟ್ಟನಡುವೆ ಒಂದು, ಹೀಗೆ ಐದು ಮನೆಗಳಿಗೆ ಕತ್ತರಿ ಗುರುತು. ಆ ಗೆರೆಗಳು ಎಷ್ಟು ಸವೆದಿದ್ದವೆಂದರೆ ಬೆರಳಿಗೆ ಸಿಗುತ್ತಿದ್ದವೇ ಹೊರತು ಕಣ್ಣಿಗೆ ಬೇಗ ಸಿಗುತ್ತಿರಲಿಲ್ಲ.

ಈಗ ಕಲ್ಲಿನ ಮುಖವನ್ನೇ ಉಜ್ಜಿ ತೆಗೆದಿದ್ದರು. ಅದರ ಮೇಲೆ ಕೊಯ್ದ ಹೊಸ ಗೆರೆಗಳು ಹಸಿ ಮೂಳೆಯ ಹಾಗೆ ಬೆಳ್ಳಗಿದ್ದವು. ಸಂದಿಗಳಲ್ಲಿ ಕಲ್ಲಿನ ಹುಡಿ ಕೂತಿತ್ತು. ಒಂದು ಬದಿಯಲ್ಲಿ, ಅಳತೆಗೆಂದು ನೂಲು ಹೊಡೆದ ಕೆಂಪು ಗುರುತನ್ನು ಅಳಿಸುವಷ್ಟು ನಾಚಿಕೆಯೂ ಯಾರಿಗೂ ಇರಲಿಲ್ಲ. ನಡುವೆ ಅಂಗೈಯಗಲದ ಕಪ್ಪು ಕಲೆಯೊಂದು ಮಾತ್ರ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಎರಡು ಹೊಸ ಗೆರೆಗಳು ಆ ಕಲೆಯನ್ನು ನಾಲ್ಕು ಹೋಳು ಮಾಡಿ ಹಾದುಹೋಗಿದ್ದವು.

ಸುಮನಾ ಅದರದ್ದೂ ಒಂದು ಫೋಟೋ ತೆಗೆದಳು. ಮೊಬೈಲ್ ಚೀಲಕ್ಕೆ ಹಾಕಿ ಹೊರಗೆ ಬಂದಳು.

ಹೊರಗೆ ಹೊಂಗೆ ಮರದ ಬುಡದಲ್ಲಿ ತಿಮ್ಮಕ್ಕ ಕೂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮಂಟಪದ ಹಿಂದಿನ ಮನೆಯವಳು. ಹೋದ ಸಲ ಬಂದಾಗ ಕವಡೆ ಹಾಕಿ ಆಟ ತೋರಿಸಿದವಳು ಇವಳೇ.

"ನೋಡಿದ್ಯೇನವ್ವ ಅನಾಚಾರ?" ಅಂದಳು.

"ಯಾರು ತಿಮ್ಮಕ್ಕ ಮಾಡಿದ್ದು?"

"ಮಿಷನ್ನೋರು. ಸೋಮವಾರ ಮೂರು ಜನ ಬಂದ್ರು. ಈರಭದ್ರಪ್ಪನ ಪಂಪ್‌ಸೆಟ್ ಮನೆಯಿಂದ ಕರೆಂಟ್ ವೈರು ಎಳ್ಕಂಡ್ರು. ಗುರ್ ಅಂತ ಸುರು ಹಚ್ಕಂಡ್ರು ನೋಡು, ಧೂಳು ಅಂದ್ರೆ ಧೂಳು. ನಮ್ಮ ಎಮ್ಮೆ ಬೆಳ್ಳಗೆ ಸೀಮೆ ಹಸ ಆಗೋಯ್ತು."

"ನೀವು ಕೇಳಲಿಲ್ವಾ?"

"ಕೇಳ್ದೆ ಬಿಡ್ತೀನಾ? ಏನ್ರಪ್ಪಾ, ನಮ್ಮ ಆಟದ ಮನೆ ಕಣ್ರೋ ಅಂದೆ. ಅಜ್ಜೀ, ನಿಂದು ಸಣ್ಣ ಮನೆ, ದೊಡ್ಡದು ಮಾಡ್ಕೊಡ್ತೀವಿ ಅಂದ ಒಬ್ಬ, ಹಲ್ಲು ಕಿರ್ಕಂಡು. ನಿನ್ನ ಮನೆ ಹಾಳಾಗ ಅಂದೆ. ಅದಕ್ಕೂ ನಕ್ಕ."

ಅವಳು ಎದ್ದು ಮಂಟಪದೊಳಕ್ಕೆ ಬಂದು ಆ ಕಪ್ಪು ಕಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಚೌಕಾಬಾರದಲ್ಲಿ ಕಾಯಿಗಳು ಸುತ್ತಿನ ಮನೆಗಳನ್ನೆಲ್ಲ ದಾಟಿ ನಡುಮನೆ ಸೇರಿದರೆ ಹಣ್ಣಾದವು ಎಂದು ಲೆಕ್ಕ. ಹಿರೇಬಾವಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ನಾಲ್ಕೂ ಕಾಯಿ ಮೊದಲು ಹಣ್ಣು ಮಾಡಿದ ಹೆಂಗಸು ಮನೆಯಿಂದ ಹರಳೆಣ್ಣೆ ತಂದು, ಒಂದು ಬೆರಳು ಅದ್ದಿ, ನಡುಮನೆಗೆ ಬೊಟ್ಟಿಡಬೇಕು. ಗೆದ್ದವಳಿಗೆ ಬೇರೆ ಬಹುಮಾನವಿರಲಿಲ್ಲ.

"ನಮ್ಮತ್ತೆ ಕರಿಬಸಮ್ಮ ಇಟ್ಟಿದ್ದು ಐತೆ ಇದ್ರಲ್ಲಿ. ಅವ್ಳ ಅತ್ತೇದೂ ಇರ್ಬೇಕು. ಎಣ್ಣೆ ಕಲ್ಲೊಳಕ್ಕೆ ಇಳಿದೈತೆ, ಮಿಷನ್ನಿಗೆ ಬಗ್ಗಲಿಲ್ಲ." ತಿಮ್ಮಕ್ಕ ಆ ಕಲೆಯ ಮೇಲೆ ಬೆರಳಿಟ್ಟಳು. ಬೆರಳು ಗೆರೆಯೊಳಗೆ ಜಾರಿತು. "ಈಗ ಕಾಯಿ ಎಲ್ಲಿ ಹಣ್ಣಾಗ್ಬೇಕು, ನೀನೇ ಹೇಳು. ನಡುಮನೇನೇ ಇಲ್ವಲ್ಲ."

ಇರಲಿಲ್ಲ. ಎಂಟು ಸರಿಸಂಖ್ಯೆ; ನಟ್ಟನಡುವೆ ಮನೆ ಬರುವುದಿಲ್ಲ, ಗೆರೆ ಬರುತ್ತದೆ.

"ಇನ್ನೊಂದು ಮಾತು, ಬೇಜಾರು ಮಾಡ್ಕಬೇಡ," ಅಂದಳು ತಿಮ್ಮಕ್ಕ. "ಆ ಟೇಪಿನ ಅಮ್ಮ ಬಂದು ಅಳತೆ ತಗಂಡು ಹೋದ್ಲು, ಅದಕ್ಕೇ ಇವ್ರು ಬಂದಿದ್ದು ಅಂತ ಊರಲ್ಲಿ ಮಾತು."

"ನಾನು ಅಳೆದದ್ದು ಬೇರೆಯದಕ್ಕೆ, ತಿಮ್ಮಕ್ಕ."

"ಬೇರೇನೋ ಒಂದೇನೋ, ನಂಗೇನು ಗೊತ್ತು. ನೀನು ಅಳ್ದೆ, ಅವ್ರು ಕೊಯ್ದ್ರು."

ಅಳೆಯಲು ಕರೆದವನು ಸಿದ್ದಲಿಂಗೇಶ್. ಕಡೂರಿನಲ್ಲಿ ಅವನದೊಂದು ಮುದ್ರಣಾಲಯ, ಅದರಿಂದ ಹೊರಡುವ ಒಂದು ವಾರಪತ್ರಿಕೆ. ಸುಮನಾ ತರೀಕೆರೆಯ ಮನೆಯಲ್ಲಿ ಕೂತು ಹನ್ನೊಂದು ವರ್ಷದಿಂದ ಅದಕ್ಕೆ ಪದಗಳ ಮೂಲದ ಬಗ್ಗೆ ಒಂದು ಅಂಕಣ ಬರೆಯುತ್ತಿದ್ದಳು. ಐನೂರಕ್ಕೂ ಹೆಚ್ಚು ವಾರಗಳಲ್ಲಿ ಮೂರು ತಪ್ಪುಗಳಾಗಿದ್ದವು. ಮೂರಕ್ಕೂ ಅವಳೇ ಮುಂದಿನ ವಾರ ಅಂಕಣದ ತಲೆಯ ಮೇಲೆ ತಿದ್ದುಪಡಿ ಹಾಕಿಸಿದ್ದಳು. ಪತ್ರಿಕೆಯಲ್ಲಿ ಮಿಕ್ಕ ಪುಟಗಳನ್ನು ನಂಬದವರೂ ಅದನ್ನು ನಂಬುತ್ತಿದ್ದರು. ಬೇರೆ ಆಸ್ತಿ ಎಂದು ಹೇಳಿಕೊಳ್ಳಲು ಅವಳಿಗೇನೂ ಇರಲಿಲ್ಲ.

ನಮ್ಮ ದೇಶದ ಹುಡುಗರು ಹೊರಗೆ ಹೋಗಿ ಚೆಸ್ ಗೆದ್ದು ಬರತೊಡಗಿದ ಮೇಲೆ ಹೋಬಳಿಗೊಂದು ಚೆಸ್ ಟೂರ್ನಮೆಂಟ್ ಶುರುವಾಗಿತ್ತು. ಹಿರೇಬಾವಿಯಲ್ಲೂ ಒಂದು ನಡೆಸುವುದೆಂದು ಈರಭದ್ರಪ್ಪ ಹೊರಟಿದ್ದ. ಮಂಟಪದ ಸುತ್ತಲಿನ ಜಮೀನು ಅವನದು. ಅಲ್ಲೊಂದು ಕಲ್ಯಾಣ ಮಂಟಪ ಏಳುತ್ತಿತ್ತು. ಊರು ಪ್ರವಾಸಿ ತಾಣಗಳ ಪಟ್ಟಿಗೆ ಸೇರಿದರೆ ರಸ್ತೆ ಅವನ ಬಾಗಿಲಿಗೇ ಬರುತ್ತದೆ. ಮಂಟಪದಲ್ಲಿ ಹೊಯ್ಸಳರ ಕಾಲದ ಚದುರಂಗದ ಹಾಸಿದೆ, ನೋಡಿ ಬರೆಯಿರಿ ಎಂದು ಸಿದ್ದಲಿಂಗೇಶ್ ಫೋನು ಮಾಡಿದ್ದ. ಮಂಟಪದ ಕಾಲ ಹೇಳುವ ಶಾಸನವೇ ಅಲ್ಲಿರಲಿಲ್ಲ. ಇದ್ದ ಹಾಸೂ ಚದುರಂಗದ್ದಾಗಿರಲಿಲ್ಲ. ಹಾಗೆಂದು ಸುಮನಾ ಅವತ್ತೇ ಸಂಜೆ ಮೆಸೇಜ್ ಕಳಿಸಿದ್ದಳು. ಅವನು ಹೆಬ್ಬೆಟ್ಟೆತ್ತಿದ ಚಿತ್ರ ಕಳಿಸಿದ್ದ. ಮುಗಿಯಿತೆಂದುಕೊಂಡು, ಒಪ್ಪಿದ್ದಂತೆ ಚದುರಂಗದಿಂದ ದಿನಬಳಕೆಗೆ ಬಂದ ಪದಗಳ ಬಗ್ಗೆ ಅಂಕಣ ಬರೆದುಕೊಟ್ಟಿದ್ದಳು.

ಮಂಗಳವಾರ ಸಂಜೆ ಯಾರೋ ಆಮಂತ್ರಣ ಪತ್ರಿಕೆಯನ್ನು ಮೊಬೈಲಿಗೆ ಹಾಕಿದ್ದರು. ಭಾನುವಾರ ಹತ್ತೂವರೆಗೆ ಉದ್ಘಾಟನೆ. ಚದುರಂಗದ ತವರು ಹಿರೇಬಾವಿ. ಶೋಧಿಸಿದವರು, ಖ್ಯಾತ ಸಂಶೋಧಕಿ ಶ್ರೀಮತಿ ಸುಮನಾ, ತರೀಕೆರೆ.

ಹಿರೇಬಾವಿಯಿಂದ ಹೊರಟು ಅಜ್ಜಂಪುರದಲ್ಲಿ ಹಿಡಿದ, ಬೀರೂರಿನ ಮೇಲೆ ಕಡೂರಿಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಸಿಕ್ಕಿತು. ಪಕ್ಕದಲ್ಲಿ ಚೆಕ್ಸ್ ಟವೆಲು ಹೆಗಲಿಗೆ ಹಾಕಿದ ಒಬ್ಬ ತೆಂಗಿನಕಾಯಿ ವ್ಯಾಪಾರಿ. ಬೀರೂರಿನ ಹತ್ತಿರ ಚೆಕಿಂಗಿನವರು ಹತ್ತಿ ಎಲ್ಲರ ಟಿಕೆಟ್ ನೋಡಿದರು. ವ್ಯಾಪಾರಿಯ ಟಿಕೆಟ್ ಕಿಸೆಯಲ್ಲಿ ಸಿಗದೆ ಅವನು ಬೆವತ. ಕಡೆಗೆ ಅದು ಟವೆಲಿನ ಗಂಟಿನಲ್ಲಿ ಸಿಕ್ಕಿತು.

ಬೇರೆ ದಿನವಾಗಿದ್ದರೆ ಸುಮನಾಳಿಗೆ ಖುಷಿಯಾಗುತ್ತಿತ್ತು. ಅವಳ ಅಂಕಣದ ಮೊದಲ ಭಾಗವೇ ಇದು. ಪಾರಸಿಯಲ್ಲಿ ಶಾ ಎಂದರೆ ರಾಜ. ಆಟದಲ್ಲಿ ಎದುರಿನವನ ರಾಜನಿಗೆ ಕುತ್ತು ಬಂದಾಗ "ಶಾ" ಎಂದು ಕೂಗಿ ಎಚ್ಚರಿಸುವುದಿತ್ತು. ಆ ಕೂಗು ಅರಬ್ಬರ ಜತೆ ಯುರೋಪಿಗೆ ಹೋಗಿ, ಫ್ರೆಂಚರ ನಾಲಗೆಯಲ್ಲಿ ತಿರುಗಿ, ಇಂಗ್ಲಿಷಿನಲ್ಲಿ ಚೆಕ್ ಆಯಿತು. ರಾಜನಿಗೆ ತಡೆ ಎಂಬುದರಿಂದ ತಡೆಯೆಂಬ ಅರ್ಥ ಬಂತು, ತಡೆಯಿಂದ ತಪಾಸಣೆ. ಚೆಕ್‌ಪೋಸ್ಟು, ಆಸ್ಪತ್ರೆಯ ಚೆಕಪ್ಪು, ಬ್ಯಾಂಕಿನ ಚೆಕ್ಕು, ಹಾಸಿನ ಚೌಕಗಳಿಂದ ಹೆಸರು ಪಡೆದ ಈ ಟವೆಲಿನ ಚೆಕ್ಸು, ಎಲ್ಲವೂ ಆ ಒಬ್ಬ ರಾಜನ ಸಂತಾನ. ಜಮೀನಿನ ಚೆಕ್ಕುಬಂದಿ ಮಾತ್ರ ಅಲ್ಲ. ಅದರ ಮೂಲ ಬೇರೆ. ಪೊಲೀಸ್ ಪೇದೆ ಚದುರಂಗದ ಪ್ಯಾದೆಯಿಂದ ಬಂದವನು ಎಂದು ಮೊದಲು ಬರೆದು, ಆಮೇಲೆ ಹೊಡೆದುಹಾಕಿದ್ದಳು. ಪಾರಸಿಯ ಪಿಯಾದಾ ಎಂದರೆ ಕಾಲಾಳು. ಒಬ್ಬ ಕಾಲಾಳು ಆಟಕ್ಕೆ ಹೋದ, ಇನ್ನೊಬ್ಬ ಕಚೇರಿಗೆ ಬಂದ. ಅಣ್ಣತಮ್ಮಂದಿರು, ಅಪ್ಪ ಮಗನಲ್ಲ. ಇಂಥದ್ದಕ್ಕೆ ಅವಳು ಎರಡು ದಿನ ಮೂರು ನಿಘಂಟು ತಿರುವಿದ್ದಳು.

ಮುದ್ರಣಾಲಯದಲ್ಲಿ ಈರಭದ್ರಪ್ಪನೂ ಇದ್ದ. ಬಿಳಿ ಅಂಗಿ, ಕೈಯಲ್ಲಿ ಅರ್ಧ ಕುಡಿದ ಟೀ. ಸಿದ್ದಲಿಂಗೇಶ್ ಎದ್ದು ನಿಂತು ಕುರ್ಚಿ ಎಳೆದ.

"ಬನ್ನಿ ಅಕ್ಕಾ, ನಿಮ್ಮ ವಿಷ್ಯಾನೇ ಮಾತಾಡ್ತಿದ್ವಿ. ನೂರು ವರ್ಷ ಆಯಸ್ಸು ನಿಮಗೆ."

"ಪುಟ ತೋರಿಸು."

ಅವನು ಸಂತೋಷದಿಂದಲೇ ತೋರಿಸಿದ. ಪುಟ ಅಚ್ಚುಕಟ್ಟಾಗಿತ್ತು. ಮೇಲೆ ದಪ್ಪಕ್ಷರದಲ್ಲಿ: ಚದುರಂಗದ ದಾಳ ಮೊದಲು ಉರುಳಿದ್ದು ಹಿರೇಬಾವಿಯಲ್ಲಿ! ಕೆಳಗೆ ಅವಳ ಹೆಸರು, ಹತ್ತು ವರ್ಷದ ಹಿಂದಿನ ಫೋಟೋ, ಬೆಳ್ಳನೆ ಗೆರೆಗಳ ಚಪ್ಪಡಿಯ ಫೋಟೋ. ಅಂಕಣ ಅವಳು ಬರೆದಂತೆಯೇ ಇತ್ತು. ಕೊನೆಗೊಂದು ಪ್ಯಾರಾ ಮಾತ್ರ ಅವಳದಾಗಿರಲಿಲ್ಲ. ಈ ಸಕಲ ಪದಗಳ ತಾಯಿಬೇರು ಹಿರೇಬಾವಿಯ ಕಲ್ಲಿನಲ್ಲಿದೆ; ಚದುರಪ್ಪನೆಂಬ ಪಾಳೇಗಾರನ ಹೆಸರಿನಿಂದ ಚದುರಂಗ ಎಂಬ ಪದ ಹುಟ್ಟಿತು; ಅದನ್ನು ನಾನು ಕಣ್ಣಾರೆ ಕಂಡು ದೃಢಪಡಿಸಿದ್ದೇನೆ.

"ಇದು ಯಾರು ಬರೆದದ್ದು?"

"ಅದು ಲಿಂಕು ಅಕ್ಕ. ನೀವು ಪರ್ಷಿಯಾ, ಅರಬ್ಬು, ಫ್ರಾನ್ಸು ಅಂತ ಹೋಗ್ಬಿಟ್ರಿ. ಓದೋನು ನಮ್ಮ ಪಂಚನಹಳ್ಳಿಯೋನು, ದೇವನೂರಿನೋನು. ಅವ್ನಿಗೆ ಲೋಕಲ್ ಟಚ್ ಬೇಡ್ವಾ?"

"ಚತುರಂಗ ಅಂದರೆ ಆನೆ, ಕುದುರೆ, ರಥ, ಕಾಲಾಳು. ನಾಲ್ಕು ಅಂಗದ ಸೇನೆ. ಎರಡನೇ ಪ್ಯಾರಾದಲ್ಲಿ ನಾನೇ ಬರೆದಿದ್ದೀನಿ. ಕೊನೇ ಪ್ಯಾರಾದಲ್ಲಿ ನಾನೇ ಪಾಳೇಗಾರ ಅಂತೀನಾ?"

"ಎರಡೂ ಇರ್ಲಿ ಬಿಡಿ ಅಕ್ಕ. ಒಬ್ಬೊಬ್ರಿಗೆ ಒಂದೊಂದು ಇಷ್ಟ ಆಗುತ್ತೆ."

ಈರಭದ್ರಪ್ಪ ಟೀ ಲೋಟ ಕೆಳಗಿಟ್ಟ. "ಅಲ್ಲಮ್ಮ, ನೀವ್ಯಾಕೆ ಬಿಸಿಯಾಗ್ತೀರ? ಕಲ್ಲಲ್ಲೇ ಐತಲ್ಲ ಸಾಕ್ಷಿ. ಬೇಕಾದ್ರೆ ಎಣಿಸ್ಕಳಿ, ಅರವತ್ನಾಲ್ಕು."

"ಎಣಿಸಿದೆ. ಹದಿನೈದು ದಿನದ ಹಿಂದೂ ಎಣಿಸಿದ್ದೆ."

"ಅವಾಗ ಸರಿ ಇರ್ಲಿಲ್ಲ. ಈಗ ಸರಿ ಮಾಡ್ಸಿದೀವಿ."

"ಸರಿ ಮಾಡ್ಸಿ ಅಂತ ನಿಮಗೆ ಯಾರು ಹೇಳಿದ್ರು?"

ಸಿದ್ದಲಿಂಗೇಶ್ ಅವಳ ಮುಖ ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ನೀವೇ ಅಕ್ಕ."

ಮೊಬೈಲ್ ತೆಗೆದು, ಬೆರಳಲ್ಲಿ ಮೇಲೆ ಕೆಳಗೆ ಎಳೆದು, ಗಟ್ಟಿಯಾಗಿ ಓದಿದ: "ಇದು ಚದುರಂಗದ ಹಾಸಲ್ಲ, ಚೌಕಾಬಾರ. ಚೌಕದ ಬದಿ ಎರಡು ಅಡಿ ಒಂದಂಗುಲ, ಐದೈದರಂತೆ ಇಪ್ಪತ್ತೈದು ಮನೆ. ಚದುರಂಗಕ್ಕೆ ಎಂಟೆಂಟು ಅರವತ್ನಾಲ್ಕು ಬೇಕು. ಕತ್ತರಿ ಗುರುತಿನ ಮನೆಗಳು ಇರಬಾರದು." ತಲೆಯೆತ್ತಿದ. "ಆರು ನಲವತ್ತೆರಡಕ್ಕೆ ಬಂದೈತೆ. ನೀವು ಕರಡು ನೋಡಿ ಕಳಿಸಿದ್ರಿ, ನಾವು ತಿದ್ದಿದ್ವಿ. ಹನ್ನೊಂದು ವರ್ಷದಿಂದ ಹಂಗೇ ಅಲ್ವಾ ನಡ್ಕೊಂಡು ಬಂದಿರೋದು?"

ಅವನು ಅಣಕಿಸುತ್ತಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿದ್ದು. ಕಾಗದದ ಮೇಲಿನ ತಪ್ಪಿಗೆ ಗುರುತು ಹಾಕಿದರೆ ತಿದ್ದುತ್ತಾರೆ. ಕಲ್ಲಿನ ಮೇಲೆ ಹಾಕಿದ ಗುರುತನ್ನೂ ಅವನು ಹಾಗೇ ತಿದ್ದಿಸಿದ್ದ. ಒಂದೂ ಬಿಟ್ಟಿರಲಿಲ್ಲ. ಕತ್ತರಿ ಗುರುತುಗಳನ್ನು ಅಳಿಸಿದ್ದು ಕೂಡ ಅವಳ ಕೊನೆಯ ಸಾಲಿಗೇ. ಅವಳ ಮೆಸೇಜಿನಲ್ಲಿ ಎಲ್ಲ ಇತ್ತು, ಕಲ್ಲು ಮುಟ್ಟಬೇಡಿ ಎಂಬ ಎರಡು ಪದ ಇರಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ನನ್ನ ಹೆಸರು ತೆಗಿ," ಅಂದಳು.

"ಆಗಲ್ಲ ಅಕ್ಕ. ಹೆಸರು ತೆಗೆದ್ರೆ ಅಂಕಣಾನೇ ತೆಗೀಬೇಕು. ಈ ವಾರ ಮಾತ್ರ ಅಲ್ಲ." ಧ್ವನಿ ತಗ್ಗಿಸಿ, ಕಣ್ಣಲ್ಲೇ ಈರಭದ್ರಪ್ಪನ ಕಡೆ ತೋರಿಸಿದ. "ನಾನೇನು ಮಾಡ್ಲಿ? ನಾನು ಬರೀ ಪ್ಯಾದೆ. ರಾಜರು ಅಲ್ಲಿ ಕೂತವ್ರೆ."

"ಹಿಂದಕ್ಕೆ ಹೆಜ್ಜೆ ಇಡೋಕಾಗದ ಕಾಯಿ ಅದೊಂದೇ ಕಣೋ."

"ಅದಕ್ಕೇ ಅಲ್ವಾ ಹೇಳಿದ್ದು?" ಅಂದು ನಕ್ಕ.

ಈರಭದ್ರಪ್ಪ ನಗಲಿಲ್ಲ. "ನೋಡಮ್ಮ, ನೇರ ಮಾತು. ಟೇಪು ಹಿಡ್ದಿದ್ದು ನೀವು, ಊರೋರೆಲ್ಲ ನೋಡವ್ರೆ. ಅಳತೆ ಬರೆದು ಕಳ್ಸಿದ್ದೂ ನೀವು. ನಾಳೆ ಕಲ್ಲು ಹಾಳು ಮಾಡಿದ್ರು ಅಂತ ನೀವು ಕೂಗಿದ್ರೆ, ಮೊದ್ಲು ಕೇಳೋದು ಅಳತೆ ಕೊಟ್ಟೋರು ಯಾರು ಅಂತ. ಅದರ ಬದ್ಲು ಭಾನುವಾರ ಬಂದು ಒಂದು ಶಾಲು ಹೊದಿಸ್ಕಂಡು ಹೋಗಿ." ಕೈ ಅಗಲಿಸಿದ. "ಇದಕ್ಕೇ ಅಲ್ವೇ ಚೆಕ್‌ಮೇಟ್ ಅನ್ನೋದು? ರಾಜ ಸತ್ತ."

"ಸಾಯಲ್ಲ," ಅಂದಳು ಸುಮನಾ. "ಮೇಟ್ ಬಂದದ್ದು ಮಾತ್ ಅನ್ನೋ ಪದದಿಂದ. ಮಾತ್ ಅಂದರೆ ಅರಬ್ಬಿಯಲ್ಲಿ ಸತ್ತ, ಪಾರಸಿಯಲ್ಲಿ ದಿಕ್ಕೆಟ್ಟವನು. ಆಟಕ್ಕೆ ಹೊಂದೋದು ಪಾರಸಿಯದು. ಚದುರಂಗದಲ್ಲಿ ರಾಜನ್ನ ಯಾರೂ ಕಡಿಯಲ್ಲ. ಐದನೇ ಪ್ಯಾರಾದಲ್ಲಿದೆ, ಓದಿ."

"ಓದ್ತೀನಿ ಬಿಡಿ," ಅಂದ ಅವನು. ಓದುವವನ ಹಾಗೆ ಕಾಣಲಿಲ್ಲ.

ಆಗ ಅವಳ ಕೈ ತಾನಾಗಿ ಚೀಲದೊಳಗೆ ಹೋಗಿ ಕೆಂಪು ಪೆನ್ನು ತೆಗೆದಿತ್ತು. ತಲೆಬರಹದಲ್ಲಿ ದಾಳ ಎಂದಿತ್ತು. ದಾಳ ಪಗಡೆಯದು, ಚದುರಂಗದಲ್ಲಿ ಉರುಳಿಸುವುದು ಏನೂ ಇಲ್ಲ, ಅದೃಷ್ಟಕ್ಕೆ ಅಲ್ಲಿ ಜಾಗವಿಲ್ಲ. ಮೂವತ್ತೊಂದು ವರ್ಷದಲ್ಲಿ ಈ ತಪ್ಪನ್ನು ಅವಳು ನೂರು ಸಲವಾದರೂ ಹೊಡೆದುಹಾಕಿರಬೇಕು. ಚುನಾವಣೆ ಬಂದಾಗಲೆಲ್ಲ ಯಾರಾದರೊಬ್ಬ ವರದಿಗಾರ ಚದುರಂಗದ ದಾಳ ಉರುಳಿಸದೆ ಬಿಡುತ್ತಿರಲಿಲ್ಲ. ಪೆನ್ನಿನ ಮೊನೆ ಹಾಳೆಗೆ ಒಂದು ಅಂಗುಲ ದೂರದಲ್ಲಿತ್ತು.

"ಹೆಡ್ಡಿಂಗಲ್ಲಿ ಏನಾದ್ರೂ ತಪ್ಪಾಗಿದ್ಯಾ ಅಕ್ಕ?" ಸಿದ್ದಲಿಂಗೇಶ್ ಆಸೆಯಿಂದ ಬಗ್ಗಿದ. "ಹೇಳಿ, ಈಗ್ಲೇ ಸರಿ ಮಾಡ್ಸ್ತೀನಿ."

ಸರಿ ಮಾಡ್ಸ್ತೀನಿ. ಸುಮನಾ ಪೆನ್ನಿನ ಮುಚ್ಚಳ ಹಾಕಿದಳು.

"ನೀನೇ ನೋಡ್ಕೊ," ಅಂದು ಎದ್ದಳು.

ಸಂಜೆ ಆರಕ್ಕೆ ತರೀಕೆರೆಯ ಮನೆಯಲ್ಲಿ ಕೂತು ದೂರು ಬರೆದಳು. ಒಂದು ಪುಟ, ವಿಶೇಷಣಗಳಿಲ್ಲದೆ. ಮಂಟಪ ಎಲ್ಲಿದೆ, ಚಪ್ಪಡಿಯ ಅಳತೆ, ಯಾವ ದಿನ ಏನಿತ್ತು, ಯಾವ ದಿನ ಏನಾಯಿತು, ವಿದ್ಯುತ್ ಯಾರ ಪಂಪ್‌ಸೆಟ್ ಮನೆಯಿಂದ. ಎರಡು ಫೋಟೋಗಳು, ತಾರೀಖು ಸಮೇತ. ಬರೆದು ಮುಗಿಸಿ, ಬೇರೆಯವರ ಬರಹ ನೋಡುವಂತೆ ಪಕ್ಕಕ್ಕೆ ಹಾಳೆ ಹಿಡಿದು ಮೊದಲಿಂದ ಓದಿದಳು. ಅಕ್ಷರದ ತಪ್ಪು ಇರಲಿಲ್ಲ. ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಒಂದು ಸಂಗತಿ ಬಿಟ್ಟುಹೋಗಿತ್ತು. ಇಪ್ಪತ್ತೈದಿದ್ದದ್ದು ಅರವತ್ನಾಲ್ಕು ಆಗಬೇಕೆಂದು ಕೊಯ್ದವರಿಗೆ ಹೇಗೆ ಗೊತ್ತಾಯಿತು ಎಂಬುದು ಅದರಲ್ಲಿರಲಿಲ್ಲ.

ಬೇರೆಯವರ ಕರಡಾಗಿದ್ದರೆ ಅವಳು ಅಂಚಿನಲ್ಲಿ ಗುರುತು ಹಾಕುತ್ತಿದ್ದಳು. ಈ ಕರಡು ಹಾಗೇ ಹೋದರೂ ಅದರಲ್ಲಿ ಸುಳ್ಳು ಎನ್ನುವಂಥದ್ದು ಒಂದೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಅವಳು ಅದನ್ನೇ ಯೋಚಿಸಿದಳು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಕೆಯಾಯಿತು. ಸಿದ್ದಲಿಂಗೇಶನ ಕೊನೆಯ ಪ್ಯಾರಾ ಸೇರಿಸಿದ ಸುಳ್ಳಾದರೆ, ಇದು ಬಿಟ್ಟ ಸುಳ್ಳು. ಹೊಸ ಹಾಳೆ ತೆಗೆದು ಮತ್ತೆ ಬರೆದಳು. ನಾಲ್ಕನೇ ಸಾಲು ಹೀಗಾಯಿತು: ಹಾಸು ಎರಡು ಅಡಿ ಒಂದಂಗುಲ ಚೌಕವಿದೆ, ಚದುರಂಗಕ್ಕೆ ಅರವತ್ನಾಲ್ಕು ಮನೆ ಬೇಕು, ಗುರುತಿನ ಮನೆ ಇರಬಾರದು ಎಂದು ಪತ್ರಿಕೆಯವರಿಗೆ ತಿಳಿಸ್ದವಳು ನಾನು, ಕಲ್ಲನ್ನು ಮುಟ್ಟಬಾರದೆಂದು ತಿಳಿಸಲಿಲ್ಲ. ಮೆಸೇಜಿನ ಪ್ರತಿಯನ್ನೂ ಜತೆಗಿಟ್ಟಳು.

ಓದಿ ನೋಡಿ, 'ತಿಳಿಸ್ದವಳು' ಎಂದು ಕೈತಪ್ಪಿ ಬಿದ್ದದ್ದನ್ನು 'ತಿಳಿಸಿದವಳು' ಎಂದು ತಿದ್ದಿದಳು.

ಗುರುವಾರ ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಅಜ್ಜಂಪುರದ ತಾಲ್ಲೂಕು ಕಚೇರಿಯಲ್ಲಿ ಅದಕ್ಕೆ ಮೊಹರು ಬಿತ್ತು. ತೆಗೆದುಕೊಂಡ ಗುಮಾಸ್ತೆ ಫೋಟೋಗಳನ್ನು ನೋಡಿ, "ಎರಡನೇದೇ ನೀಟಾಗಿದೆಯಲ್ಲ ಮೇಡಂ," ಅಂದಳು.

ಶುಕ್ರವಾರ ಪತ್ರಿಕೆ ಬಂತು. ಸುಮನಾಳ ಹೆಸರು, ಫೋಟೋ, ಪಾಳೇಗಾರ, ಎಲ್ಲವೂ ಇದ್ದವು. ದಾಳವೂ ಉರುಳಿತ್ತು. ಅಂಗಡಿಯ ಮುಂದೆ ನಿಂತು ಓದುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಅವಳನ್ನು ಕಂಡು, "ಏನಮ್ಮಾ, ನೀವೂ ಚದುರಂಗಕ್ಕೆ ದಾಳ ಹಾಕ್ಬಿಟ್ರಾ?" ಎಂದು ಕೇಳಿದರು. ಅಷ್ಟು ಗಮನಿಸಿದವರು ಅವರೊಬ್ಬರೇ.

ಭಾನುವಾರ ಹತ್ತೂವರೆಯ ಉದ್ಘಾಟನೆ ಹನ್ನೆರಡಕ್ಕೆ ಆಯಿತು. ಚಪ್ಪಡಿಯ ಮೇಲೆ ದೊಡ್ಡ ಕಾಯಿಗಳನ್ನಿಟ್ಟು ಅತಿಥಿಗಳು ಫೋಟೋ ತೆಗೆಸಿಕೊಂಡರು. ನಡುವಿನ ಕಪ್ಪು ಕಲೆ ಕಾಣದಂತೆ ಅದರ ಮೇಲೆ ಹೂವಿನ ತಟ್ಟೆ ಇಟ್ಟಿದ್ದರು.

ಸೋಮವಾರ ಬೆಳಿಗ್ಗೆ ಕಚೇರಿಯಿಂದ ಒಬ್ಬ ಅಧಿಕಾರಿ ಮಂಟಪಕ್ಕೆ ಬಂದು, ದೂರು ಕೊಟ್ಟ ಸುಮನಾಳನ್ನೂ ಕರೆಸಿ, ಅಳತೆ ತೆಗೆದುಕೊಂಡ. ತಿಮ್ಮಕ್ಕ ಹೂವಿನ ತಟ್ಟೆ ಎತ್ತಿ ಕಲೆ ತೋರಿಸಿದಳು. ಈರಭದ್ರಪ್ಪ ಬರಲಿಲ್ಲ, ಅಧಿಕಾರಿಗೆ ಫೋನು ಮಾಡಿದ. ಫೋನು ಮುಗಿದ ಮೇಲೆ ಅಧಿಕಾರಿ ಸುಮನಾಳ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ, ಅಳತೆ ಕೊಟ್ಟವರು ಯಾರು ಎಂದು. ಅವಳು ಹೇಳಿದಳು. ಅವನು ಬರೆದುಕೊಂಡ. ಹನ್ನೊಂದು ನಲವತ್ತಕ್ಕೆ ಸುಮನಾ ಹೇಳಿಕೆಯನ್ನು ಎರಡು ಸಲ ಓದಿ, ಕೆಳಗೆ ತನ್ನ ಹೆಸರು ಬರೆದು ತಾರೀಖು ಹಾಕಿದಳು.